ಊಟದ ಮೇಜಿನ ಮೇಲೆ ಮಸಾಡಾ

ನನಗೆ ಹತ್ತು ವರ್ಷವಾಗಿದ್ದ ಚಳಿಗಾಲದಲ್ಲಿ ಮೂರು ವಾರ ನಮ್ಮ ಮನೆಯಲ್ಲಿ ಯಾರೂ ಮೇಜಿನ ಮೇಲೆ ಊಟ ಮಾಡಲಿಲ್ಲ. ಅಲ್ಲಿ ಒಂದು ಕೋಟೆ ಇತ್ತು. ಅಪ್ಪ, ಅಮ್ಮ, ನಾನು, ಐದು ವರ್ಷದ ತಮ್ಮ ಅನಂತ ನಾಲ್ವರೂ ಅಡುಗೆಮನೆಯ ನೆಲಕ್ಕೆ ಚಾಪೆ ಹಾಸಿ, ಬಿಸಿ ರೇಡಿಯೇಟರಿಗೆ ಬೆನ್ನು ಕೊಟ್ಟು ಕೂತು ಉಣ್ಣುತ್ತಿದ್ದೆವು. ಅಮ್ಮನಿಗೆ ಈ ಏರ್ಪಾಡು ತುಂಬ ಹಿಡಿಸಿತ್ತು. ಮುದ್ದೆ ನುಂಗಬೇಕಾದರೆ ಚಕ್ಕಳಮಕ್ಕಳ ಹಾಕಿಯೇ ಕೂರಬೇಕು, ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ನುಂಗಿದರೆ ಅದು ಗಂಟಲಲ್ಲೇ ನಿಲ್ಲುತ್ತದೆ ಎಂದು ಅವಳು ಈ ದೇಶಕ್ಕೆ ಬಂದಾಗಿನಿಂದ ಹೇಳುತ್ತಲೇ ಇದ್ದಳು. ಅಪ್ಪನಿಗೆ ಮಂಡಿ ನೋವು. ಆದರೂ ಆ ಮೂರು ವಾರ ಅವರು ಒಮ್ಮೆಯೂ ಗೊಣಗಲಿಲ್ಲ, ಏಕೆಂದರೆ ಕೋಟೆಯ ಅರ್ಧಕ್ಕಿಂತ ಹೆಚ್ಚು ಭಾಗ ಕಟ್ಟಿದವರು ಅವರೇ.

ನಮ್ಮದು ಲೀಡ್ಸಿನ ಉತ್ತರ ಭಾಗದಲ್ಲಿದ್ದ ಕೆಂಪು ಇಟ್ಟಿಗೆಯ ಜೋಡಿಮನೆ. ಮುಂದಿನ ಕೋಣೆ ಅತಿಥಿಗಳಿಗೆ, ಹಾಗಾಗಿ ಅಲ್ಲಿ ಹೀಟಿಂಗ್ ಹಾಕುತ್ತಿರಲಿಲ್ಲ. ನಡುವಿನ ಕೋಣೆಯಲ್ಲಿ ಮೇಜು. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ದೇವರು. ಅದೇ ಕಪಾಟಿನಲ್ಲಿ ಗ್ಯಾಸ್ ಮೀಟರೂ ಇದ್ದದ್ದರಿಂದ ಮೀಟರ್ ಓದಲು ಬರುವವನು ಪ್ರತಿ ಸಲ ಶೂ ಬಿಚ್ಚಬೇಕಿತ್ತು, ಪಾಪ, ಅವನು ಬಿಚ್ಚುತ್ತಿದ್ದ. ಅಪ್ಪ ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂಳೆ ಡಾಕ್ಟರು. ಹುದ್ದೆ ರಿಜಿಸ್ಟ್ರಾರ್, ಅಂದರೆ ದೊಡ್ಡ ಸರ್ಜನ್ನನ ಕೈಕೆಳಗಿನವರು. ವರ್ಷಾನುಗಟ್ಟಲೆ ಊರಿಂದೂರಿಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅದೇ ಹುದ್ದೆಯಲ್ಲಿ ತಿರುಗಿ ಕೊನೆಗೆ ಲೀಡ್ಸಿನಲ್ಲಿ ನಿಂತಿದ್ದರು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ರೋಟಾ, ಅಂದರೆ ಅವರ ಪಾಳಿಯ ಪಟ್ಟಿ, ನೋಡಿ ನಾವು ಅಪ್ಪ ಇವತ್ತು ಮನೆಯಲ್ಲಿರುತ್ತಾರೋ ಇಲ್ಲವೋ ಎಂದು ತಿಳಿದುಕೊಳ್ಳುತ್ತಿದ್ದೆವು. ಅಮ್ಮ ಮಧುಗಿರಿಯವಳು. ಮದುವೆಗೆ ಮುಂಚೆ ಅಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದಳು. ಇಲ್ಲಿ ಅವಳ ಡಿಗ್ರಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ವಾರಕ್ಕೆ ಮೂರು ದಿನ ಒಂದು ಪ್ರಯೋಗಾಲಯದಲ್ಲಿ ರಕ್ತದ ಶೀಶೆಗಳಿಗೆ ಚೀಟಿ ಅಂಟಿಸುವ ಕೆಲಸ ಮಾಡುತ್ತಿದ್ದಳು. ಆ ಕೆಲಸದ ಬಗ್ಗೆ ಅವಳು ಬೇಸರಪಟ್ಟದ್ದನ್ನು ನಾನು ಕಂಡಿಲ್ಲ. ಬೇಸರಪಡುತ್ತಿದ್ದವರು ಅಪ್ಪ.

ಗೋಡೆಯ ಈಚೆ ನಾವು, ಆಚೆ ಹನ್ನಾ. ಶಾಲೆಯಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಕಲಿಸಿ ನಿವೃತ್ತಳಾಗಿದ್ದ ಒಂಟಿ ಹೆಂಗಸು, ಯೆಹೂದಿ. ಎತ್ತರದ ಆಳು, ಬೆಳ್ಳಿಕೂದಲು, ಮಾತಿಗೊಮ್ಮೆ ಎಲ್ಲರನ್ನೂ "ಲವ್" ಎಂದು ಕರೆಯುವ ಅಪ್ಪಟ ಯಾರ್ಕ್‌ಷೈರ್ ಸೀಮೆಯ ನಾಲಿಗೆ. ಹೆಸರು ಹಿಡಿದು ಕರೆಯಿರಿ ಎಂದು ಅವಳು, ದೊಡ್ಡವರನ್ನು ಹಾಗೆ ಕರೆಯಬಾರದು ಎಂದು ಅಮ್ಮ. ಕೊನೆಗೆ ಎದುರಿಗೆ ಹನ್ನಾ ಆಂಟಿ, ಬೆನ್ನ ಹಿಂದೆ ಹನ್ನಾ ಎಂದಾಯಿತು. ಶಾಲೆ ಬಿಟ್ಟ ಮೇಲೆ ಅಮ್ಮ ಬರುವ ತನಕ ನಾನೂ ಅನಂತನೂ ಅವಳ ಮನೆಯಲ್ಲಿರುತ್ತಿದ್ದೆವು. ಅವಳ ಅಡುಗೆಮನೆಯಲ್ಲಿ ಎರಡು ಜೊತೆ ತಟ್ಟೆ, ಎರಡು ಜೊತೆ ಪಾತ್ರೆ: ಹಾಲಿನದಕ್ಕೆ ಬೇರೆ, ಮಾಂಸದ್ದಕ್ಕೆ ಬೇರೆ. ಅಪ್ಪಿತಪ್ಪಿಯೂ ಒಂದಕ್ಕೊಂದು ತಾಗುವಂತಿಲ್ಲ. ಇದನ್ನು ನಾನು ಮನೆಗೆ ಬಂದು ವರದಿ ಮಾಡಿದಾಗ ಅಮ್ಮನ ಮುಖ ಅರಳಿತು.

"ಅಯ್ಯೋ, ನಮ್ಮಜ್ಜಿ ಮಡಿ ಥರಾನೇ ಕಣೇ! ಪಾಪ, ಅವರು ಬೇರೆಯವರ ಮನೇಲಿ ಏನು ತಿನ್ನಬೇಕು?"

ಮಾರನೆಯ ದಿನವೇ ಪೇಟೆಗೆ ಹೋಗಿ ಅವಳು ಎರಡು ಗಾಜಿನ ತಟ್ಟೆ, ಒಂದು ಗಾಜಿನ ಬೋಗುಣಿ ಕೊಂಡು ತಂದಳು. ಅವನ್ನು ಮೇಲಿನ ಹಲಗೆಯಲ್ಲಿ ಪ್ರತ್ಯೇಕ ಇಟ್ಟು, ನಾವು ಮುಟ್ಟಿದರೆ ಕೈ ಮುರೀತೀನಿ ಎಂದಳು. ಹನ್ನಾ ಬಂದಾಗ ಅದರಲ್ಲಿ ಒಗ್ಗರಣೆ ಇಲ್ಲದ ಹೆಸರುಬೇಳೆ ಕೋಸಂಬರಿ. ಒಲೆ ಹತ್ತಿಸಿಲ್ಲ, ನಮ್ಮ ಪಾತ್ರೆಗೆ ಹಾಕಿಲ್ಲ ಎಂದು ಅಮ್ಮ ತನ್ನ ಮುರುಕು ಇಂಗ್ಲಿಷಿನಲ್ಲಿ ವಿವರಿಸಿದಳು. ಹನ್ನಾ ತಟ್ಟೆಯಲ್ಲಿ ಒಂದು ಕಾಳನ್ನೂ ಬಿಡದೆ ತಿಂದಳು. ಆ ಬೀದಿಗೆ ಬಂದು ಮೂವತ್ತು ವರ್ಷವಾಗಿದ್ದರೂ ಪಕ್ಕದ ಮನೆಯಲ್ಲಿ ತಾನು ತಿಂದದ್ದು ಅದೇ ಮೊದಲು ಎಂದು ಆಮೇಲೆ ಹೇಳಿದಳು.

ಆ ಚಳಿಗಾಲ ಶಾಲೆಯಲ್ಲಿ ಎಲ್ಲರೂ ಒಂದೊಂದು ಕೋಟೆಯ ಮಾದರಿ ಮಾಡಿ ತಂದು, ಅದರ ಕಥೆಯನ್ನು ತರಗತಿಯ ಮುಂದೆ ಹೇಳಬೇಕು ಎಂದು ಟೀಚರ್ ಹೇಳಿದರು. ಮಿಕ್ಕವರೆಲ್ಲ ಕಂದಕ, ತೂಗುಸೇತುವೆ, ರಟ್ಟಿನ ಬುರುಜುಗಳ ಇಂಗ್ಲಿಷ್ ಕೋಟೆಗಳನ್ನು ಆರಿಸಿಕೊಂಡರು. ನನಗೆ ಬೇರೆಯದು ಬೇಕಿತ್ತು, ಯಾವುದೆಂದು ತಿಳಿಯದು. ಶನಿವಾರ ಮಧ್ಯಾಹ್ನ ಹನ್ನಾ ನಮ್ಮ ಮನೆಗೆ ಬಂದಿದ್ದಳು. ಶನಿವಾರ ಅವಳಿಗೆ ಸಬ್ಬತ್, ಯೆಹೂದ್ಯರ ವಿರಾಮದ ದಿನ. ಬರೆಯುವಂತಿಲ್ಲ, ಕತ್ತರಿಸುವಂತಿಲ್ಲ, ದೀಪದ ಸ್ವಿಚ್ಚನ್ನೂ ಒತ್ತುವಂತಿಲ್ಲ. ಕೈಯೆರಡನ್ನೂ ಮಡಿಲಲ್ಲಿಟ್ಟುಕೊಂಡು, "ಇವತ್ತು ನನ್ನಿಂದಾಗುವುದು ಕಥೆ ಹೇಳುವುದೊಂದೇ, ಲವ್" ಎಂದು ಅವಳು ಮಸಾಡಾದ ಕಥೆ ಶುರು ಮಾಡಿದಳು. ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ಆದರೆ ಅದೆಷ್ಟು ಸಲ ನಾನು ಅದನ್ನು ಅಮ್ಮನ ಭಾಷೆಯಲ್ಲಿ ನನಗೇ ಹೇಳಿಕೊಂಡಿದ್ದೇನೆಂದರೆ, ಈಗ ಅದು ನೆನಪಾಗುವುದು ಕನ್ನಡದಲ್ಲೇ.

ಒಂದು ಮರಳುಗಾಡು. ಅದರಲ್ಲಿ ನಾಲ್ಕೂ ಕಡೆ ಕಡಿದಾಗಿ ಎದ್ದು ನಿಂತ ಬೆಟ್ಟ, ನೆತ್ತಿ ಮಾತ್ರ ಮೇಜಿನಷ್ಟು ಸಪಾಟು. ಮೂಡಣಕ್ಕೆ ಬಹಳ ಕೆಳಗೆ, ಮೀನು ಕೂಡ ಬದುಕಲಾರದಷ್ಟು ಉಪ್ಪಿನ ಸಮುದ್ರ. ಹಿಂದೆ ಯಾವನೋ ರಾಜ ತನ್ನ ಪ್ರಜೆಗಳಿಗೇ ಹೆದರಿ ಆ ನೆತ್ತಿಯ ಮೇಲೆ ಅರಮನೆ, ಉಗ್ರಾಣ, ಸುತ್ತ ಗೋಡೆ ಕಟ್ಟಿಸಿದ್ದ. ಅವನು ಸತ್ತ ಎಷ್ಟೋ ವರ್ಷದ ಮೇಲೆ ರೋಮಿನವರ ವಿರುದ್ಧ ಯೆಹೂದ್ಯರು ದಂಗೆಯೆದ್ದರು. ರೋಮಿನ ಸೈನ್ಯ ಜೆರುಸಲೇಮನ್ನು ಸುಟ್ಟು, ದೇವಾಲಯವನ್ನು ಕೆಡವಿತು. ಕೈಗೆ ಸಿಗದೆ ಉಳಿದ ಕೊನೆಯ ಗುಂಪು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಈ ಬೆಟ್ಟದ ಮೇಲಿತ್ತು. ಒಂಬೈನೂರಕ್ಕೂ ಹೆಚ್ಚು ಜನ. ಇಡೀ ದೇಶವೇ ಸೋತ ಮೇಲೆ ಸೋಲೊಪ್ಪದೆ ನಿಂತದ್ದು ಆ ಒಂದು ಬೆಟ್ಟ. ಅಷ್ಟು ಸಣ್ಣ ಗುಂಪಿಗಾಗಿ ರೋಮ್ ಒಂದು ದೊಡ್ಡ ದಂಡನ್ನೇ ಕಳಿಸಿತು. ಯಾರೂ ತಪ್ಪಿಸಿಕೊಂಡು ಹೋಗಬಾರದೆಂದು ಅವರು ಬೆಟ್ಟದ ಬುಡದ ಸುತ್ತ ಕಲ್ಲಿನ ಗೋಡೆ ಹಾಕಿದರು. ಅದರ ಪಕ್ಕದಲ್ಲಿ ಅಲ್ಲಲ್ಲಿ ಪಾಳೆಯ ಇಳಿದರು. ಆಮೇಲೆ ಪಡುವಣ ದಿಕ್ಕಿನಲ್ಲಿ ಮಣ್ಣು, ಕಲ್ಲು, ಮರದ ದಿಮ್ಮಿ ಸುರಿದು ಬೆಟ್ಟದ ನೆತ್ತಿಯವರೆಗೆ ಒಂದು ಏರು ಕಟ್ಟತೊಡಗಿದರು. ಸೈನ್ಯಕ್ಕೆ ನೀರು, ದವಸ ಹೊತ್ತು ತಂದವರು ಸೆರೆಸಿಕ್ಕ ಯೆಹೂದ್ಯರೇ. ಮೇಲಿದ್ದವರು ದಿನಾ ಬೆಳಗ್ಗೆ ಎದ್ದು ನೋಡುತ್ತಿದ್ದರು: ಏರು ನಿನ್ನೆಗಿಂತ ಇವತ್ತು ಒಂದಿಷ್ಟು ಹತ್ತಿರ.

ಏರು ಮುಗಿಯಿತು. ಕಬ್ಬಿಣದ ಮೂತಿಯ ದೊಡ್ಡ ದಿಮ್ಮಿಯನ್ನು ಎಳೆದು ತಂದು ಗೋಡೆಗೆ ಗುದ್ದಿದರು. ಗೋಡೆ ಬಿತ್ತು. ಒಳಗೆ ನೋಡಿದರೆ ಇನ್ನೊಂದು ಗೋಡೆ! ಮೇಲಿನವರು ಮರದ ತೊಲೆಗಳ ನಡುವೆ ಮಣ್ಣು ತುಂಬಿ ಕಟ್ಟಿದ್ದರು. ಗುದ್ದಿದಷ್ಟೂ ಅದು ಗಟ್ಟಿಯಾಗುತ್ತಿತ್ತು. ರೋಮಿನವರು ಅದಕ್ಕೆ ಬೆಂಕಿ ಇಟ್ಟರು. ಗಾಳಿ ಮೊದಲು ಅವರ ಕಡೆಗೇ ತಿರುಗಿ ಜ್ವಾಲೆ ಅವರ ಮುಖಕ್ಕೇ ಬಡಿಯಿತು. ಮೇಲಿದ್ದವರು ದೇವರು ಕಣ್ಣು ಬಿಟ್ಟ ಎಂದುಕೊಂಡರು. ಅಷ್ಟರಲ್ಲಿ ಗಾಳಿ ಮತ್ತೆ ತಿರುಗಿತು. ಗೋಡೆ ಹೊತ್ತಿ ಉರಿಯಿತು. ನಾಳೆ ಬೆಳಗ್ಗೆ ಒಳಗೆ ನುಗ್ಗೋಣ ಎಂದು ರೋಮಿನವರು ಕೆಳಗಿಳಿದರು. ಆಗ ಕೋಟೆಯ ನಾಯಕ ತನ್ನವರನ್ನು ಸೇರಿಸಿ ಹೇಳಿದ: ನಾಳೆ ನಮ್ಮ ಹೆಂಡಿರನ್ನು ಎಳೆದಾಡುತ್ತಾರೆ, ಮಕ್ಕಳ ಕೈಗೆ ಸಂಕೋಲೆ ಹಾಕುತ್ತಾರೆ. ನಾವು ಯಾರ ಆಳುಗಳೂ ಆಗುವುದಿಲ್ಲ ಎಂದು ಆಣೆ ಮಾಡಿದವರು. ನಮ್ಮ ಕೈ ಇನ್ನೂ ನಮ್ಮದಾಗಿರುವಾಗಲೇ ಸಾಯೋಣ. ಉಗ್ರಾಣ ಸುಡುವುದು ಬೇಡ. ಹಸಿವಿಗೆ ಸೋತವರಲ್ಲ ಎಂದು ಅವರಿಗೆ ಗೊತ್ತಾಗಲಿ.

ಒಬ್ಬೊಬ್ಬನೂ ತನ್ನ ಹೆಂಡತಿ ಮಕ್ಕಳನ್ನು ತಬ್ಬಿಕೊಂಡು ಅತ್ತು, ಆಮೇಲೆ ಕತ್ತಿ ಎತ್ತಿದ. ಚೀಟಿ ಹಾಕಿ ಹತ್ತು ಜನರನ್ನು ಆರಿಸಿದರು. ಆ ಹತ್ತು ಜನ ಉಳಿದ ಗಂಡಸರನ್ನು ಕೊಂದರು. ಮತ್ತೆ ಚೀಟಿ ಹಾಕಿ ಒಬ್ಬ. ಅವನು ಆ ಒಂಬತ್ತು ಜನರನ್ನು ಕೊಂದು, ಯಾರಾದರೂ ಉಸಿರಾಡುತ್ತಿದ್ದಾರೋ ಎಂದು ಸುತ್ತಿ ನೋಡಿ, ಅರಮನೆಗೆ ಬೆಂಕಿ ಇಟ್ಟು ತಾನೂ ಬಿದ್ದ. ಬೆಳಗ್ಗೆ ಕಿರುಚುತ್ತ ನುಗ್ಗಿದ ರೋಮಿನವರಿಗೆ ಎದುರಾದದ್ದು ಮೌನ. ಅವರು ಗೆದ್ದೆವೆಂದು ಕುಣಿಯಲಿಲ್ಲ. ಆ ಮನಸ್ಸಿನ ಗಟ್ಟಿತನಕ್ಕೆ ಬೆರಗಾಗಿ ನಿಂತರು.

"ಇಬ್ಬರು ಹೆಂಗಸರು, ಐದು ಮಕ್ಕಳನ್ನು ಬಿಟ್ಟರೆ ಯಾರೂ ಉಳಿಯಲಿಲ್ಲ" ಎಂದು ಹನ್ನಾ ಮುಗಿಸಿದಳು.

ಅಪ್ಪ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದರು. ಕೈಯಲ್ಲಿದ್ದ ಚಹಾ ತಣ್ಣಗಾಗಿತ್ತು. "ಗಂಡಸರು ಅಂದರೆ ಅವರು" ಎಂದರು. ನನಗೂ ಮೈ ಜುಮ್ಮೆಂದಿತ್ತು. ಅಮ್ಮ ಮಾತ್ರ ಅಡುಗೆಮನೆಯಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಬೇರೇನೋ ಕೇಳಿದಳು.

"ಹನ್ನಾ, ಮರಳುಗಾಡು ಅಂದ್ರಲ್ಲ, ಅಷ್ಟು ಜನಕ್ಕೆ ನೀರು ಎಲ್ಲಿಂದ?"

ಹನ್ನಾ ನಕ್ಕುಬಿಟ್ಟಳು. ಮೂವತ್ತು ವರ್ಷ ಪಾಠ ಮಾಡಿದೆ, ಒಂದು ಮಗುವೂ ಇದನ್ನು ಕೇಳಿರಲಿಲ್ಲ ಎಂದಳು. ಬಂಡೆಯೊಳಗೇ ಕೊರೆದ ದೊಡ್ಡ ದೊಡ್ಡ ತೊಟ್ಟಿಗಳಿದ್ದವಂತೆ. ವರ್ಷಕ್ಕೆ ಒಂದೆರಡು ಸಲ ಬರುವ ಮಳೆಯ ನೀರನ್ನು ಕಾಲುವೆ ಮಾಡಿ ಅಲ್ಲಿಗೆ ತಿರುಗಿಸುತ್ತಿದ್ದರಂತೆ. ಉಳಿದ ಹೆಂಗಸರು ಮಕ್ಕಳನ್ನು ಕರಕೊಂಡು ಅವಿತಿದ್ದು ಅಂಥ ಒಂದು ನೆಲದಡಿಯ ಕಾಲುವೆಯಲ್ಲಿ.

"ದೊಣೆ!" ಎಂದಳು ಅಮ್ಮ ಕನ್ನಡದಲ್ಲಿ. "ನಮ್ಮ ಬೆಟ್ಟದ ಮೇಲೂ ದೊಣೆ ಇವೆ. ಬೇಸಿಗೇಲೂ ಬತ್ತಲ್ಲ."

ಮಧುಗಿರಿಯ ಬೆಟ್ಟವೂ ಒಂದೇ ಬಂಡೆ. ಅದರ ಮೇಲೂ ಕೋಟೆ. ಅಮ್ಮ ಹುಡುಗಿಯಾಗಿದ್ದಾಗ ಅದನ್ನು ಹತ್ತಿದವಳು. ಆ ಮಧ್ಯಾಹ್ನ ಅವಳು ಹನ್ನಾಳಿಗೆ ಬಂಡೆಯ ಮೇಲೆ ನೀರು ಹೇಗೆ ಹರಿಯುತ್ತದೆ, ದೊಣೆಯ ನೀರು ಯಾಕೆ ತಣ್ಣಗಿರುತ್ತದೆ ಎಂದೆಲ್ಲ ಕೈ ಆಡಿಸಿ ಹೇಳಿದ್ದನ್ನು ನೋಡಿ, ಇವಳು ಪಾಠ ಮಾಡುತ್ತಿದ್ದಳು ಎಂಬುದು ನನಗೆ ಮೊದಲ ಸಲ ನಿಜ ಅನ್ನಿಸಿತು.

ಹೀಗೆ ಮಸಾಡಾ ನಮ್ಮ ಮೇಜಿಗೇರಿತು. ಕೋಳಿಗೂಡಿನ ತಂತಿಬಲೆಯ ಮೇಲೆ ಅಪ್ಪನ ಹಳೆಯ ವೈದ್ಯಕೀಯ ಪತ್ರಿಕೆಗಳನ್ನು ಮುದ್ದೆ ಮಾಡಿ ತುರುಕಿ, ಅದರ ಮೇಲೆ ಮುರಿದ ಕೈಕಾಲಿಗೆ ಸುತ್ತುವ ಪ್ಲಾಸ್ಟರ್ ಪಟ್ಟಿಯನ್ನು ಸುತ್ತಿದೆವು. ಅಪ್ಪ ತೋಳು ಮಡಿಚಿ, ಪಟ್ಟಿಯನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಅಂಗೈಯಲ್ಲಿ ಸವರುತ್ತಿದ್ದರು. ಬೆರಳಿನ ತುದಿ ತಾಗಿಸಬಾರದು, ಗುಂಡಿ ಬೀಳುತ್ತದೆ, ಅಂಗೈಯಲ್ಲೇ ನೀವಬೇಕು ಎಂದು ನನಗೆ ಕಲಿಸಿದರು. ಅವರ ಕೆಲಸವನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ. ಎಂಥ ಕೈ ಅದು! ಅಷ್ಟು ದೊಡ್ಡ ಅಂಗೈ, ಅಷ್ಟು ಹಗುರ. ಗಂಟೆಯೊಳಗೆ ಕಾಗದದ ಗುಡ್ಡೆ ಬಂಡೆಯಾಯಿತು. ನಾನು ಗೋಡೆ, ಉಗ್ರಾಣ ಮಾಡಿದೆ. ಅನಂತ ರೋಮಿನವರ ಪಾಳೆಯಗಳಿಗೆ ಬೆಂಕಿಕಡ್ಡಿ ನೆಟ್ಟ. ಹನ್ನಾ ಭಾನುವಾರಗಳಲ್ಲಿ ದೊಡ್ಡ ಪುಸ್ತಕ ತಂದು, ಏರು ಇಷ್ಟು ಎತ್ತರ, ಅರಮನೆ ಈ ಮೂಲೆಗೆ ಎಂದು ತಿದ್ದಿದಳು. ಅಮ್ಮ ಒಂದು ಸಂಜೆ ಬಂದು, ಯಾರನ್ನೂ ಕೇಳದೆ, ಚಾಕುವಿನಿಂದ ಬಂಡೆಯ ಬದಿಯಲ್ಲಿ ಮೂರು ಗುಂಡಿ ಕೊರೆದಳು. ಅಪ್ಪ "ಅಯ್ಯೋ, ಹಾಳು ಮಾಡ್ತೀಯಲ್ಲ" ಎಂದರು. "ದೊಣೆ ಇಲ್ಲದ ಕೋಟೆ ಒಂದು ವಾರ ನಿಲ್ಲಲ್ಲ ಕಣ್ರೀ" ಎಂದು ಅವಳು ಪ್ಲಾಸ್ಟರಿನ ಪುಡಿ ಗುಡಿಸಿಕೊಂಡು ಹೋದಳು.

ಮೂರನೆಯ ವಾರ ಅಪ್ಪನಿಗೆ ಸಂದರ್ಶನವಿತ್ತು. ಕನ್ಸಲ್ಟೆಂಟ್ ಹುದ್ದೆ, ಅಂದರೆ ದೊಡ್ಡ ಸರ್ಜನ್ ತಾವೇ ಆಗುವುದು. ಅವರದೇ ವಿಭಾಗದಲ್ಲಿ, ಅವರೇ ಮೂರು ವರ್ಷದಿಂದ ನಡೆಸುತ್ತಿದ್ದ ಕೆಲಸ. ಅದು ಅವರಿಗೆ ಸಿಗಲಿಲ್ಲ. ಅವರೇ ಕೈ ಹಿಡಿದು ಕತ್ತರಿ ಹಿಡಿಯುವುದನ್ನು ಕಲಿಸಿದ ಒಬ್ಬ ಕಿರಿಯನಿಗೆ ಸಿಕ್ಕಿತು. ನಾನು ಆಗ ತಿಳಿದದ್ದು ಇಷ್ಟೇ: ಶುಕ್ರವಾರ ಸಂಜೆ ಅಪ್ಪ ಕೋಟು ಬಿಚ್ಚದೆ ಬಂದು ಅತಿಥಿಗಳ ತಣ್ಣನೆಯ ಕೋಣೆಯಲ್ಲಿ ಒಬ್ಬರೇ ಕೂತರು, ಅಮ್ಮ ಎರಡು ಸಲ ಊಟಕ್ಕೆ ಕರೆದಳು, ಮೂರನೆಯ ಸಲ ಕರೆಯಲಿಲ್ಲ. ಶನಿವಾರ ಬೆಳಗ್ಗೆ ನಾನು ಮೇಜಿನ ಬಳಿ ಬಂದಾಗ, ಕೋಟೆಯ ಪಕ್ಕದಲ್ಲಿ ಉಳಿದಿದ್ದ ಗೇಣಗಲದ ಜಾಗದಲ್ಲಿ ಕಾಗದ ಇಟ್ಟುಕೊಂಡು ಅಪ್ಪ ಏನೋ ಬರೆಯುತ್ತಿದ್ದರು. ಅಮ್ಮ ನನ್ನ ಹಿಂದೆಯೇ ಬಂದಳು. ಅಪ್ಪ ತಲೆ ಎತ್ತದೆ ಹೇಳಿದರು.

"ಪದ್ಮಾ, ಸೂಟ್‌ಕೇಸ್ ಇಳಿಸು. ಊರಿಗೆ ಹೋಗಿಬಿಡೋಣ. ರಾಜೀನಾಮೆ ಬರೆದಿದ್ದೀನಿ, ಸೋಮವಾರ ಅವರ ಮುಖದ ಮೇಲೆ ಎಸೀತೀನಿ."

"ಊರಲ್ಲಿ ಕೆಲಸಕ್ಕೆ ಯಾರಿಗಾದ್ರೂ ಬರೆದಿದ್ದೀರಾ?"

"ಸಿಗತ್ತೆ."

"ಇಲ್ಲೇ ಇನ್ನೊಂದು ಆಸ್ಪತ್ರೆ..."

"ಬೇಡ ಅಂದೆನಲ್ಲ! ನಾನು ಕಲಿಸಿದ ಹುಡುಗ ನಾಳೆಯಿಂದ ನನ್ನ ಮೇಲೆ. ಅವನಿಗೆ ಗುಡ್ ಮಾರ್ನಿಂಗ್ ಹೇಳ್ಕೊಂಡು ತಲೆ ತಗ್ಗಿಸಿಕೊಂಡು ಕೂರಲಾ? ಇವರನ್ನ ನೋಡು" ಎಂದು ಅಪ್ಪ ಕೋಟೆಯ ಕಡೆ ಬೆರಳು ತೋರಿಸಿದರು. "ಸತ್ತರೂ ಬಾಗಲಿಲ್ಲ. ಎರಡು ಸಾವಿರ ವರ್ಷ ಆಯ್ತು, ಇವತ್ತಿಗೂ ನಾವು ಅವರ ಮಾತು ಆಡ್ತಿದ್ದೀವಿ. ಅದು ಬಾಳು."

ಅಮ್ಮ ಜಗಳದಲ್ಲಿ ದನಿ ಏರಿಸುವವಳಲ್ಲ. ಕೋಪ ಬಂದಷ್ಟೂ ದನಿ ತಗ್ಗುತ್ತಿತ್ತು. ನಾನು ಇನ್ನೂ ಒಂದು ಹೆಜ್ಜೆ ಹತ್ತಿರ ಹೋಗಬೇಕಾಯಿತು, ಅವಳ ಮಾತು ಕೇಳಲು.

"ಒಂದು ಕೇಳ್ತೀನಿ ಹೇಳಿ. ಆ ನಾಯಕ ಆಡಿದ ಮಾತು, ಚೀಟಿ ಎತ್ತಿದ್ದು, ಕೊನೆಯವನು ಸುತ್ತಿ ನೋಡಿದ್ದು, ಇದನ್ನೆಲ್ಲ ಹೊರಗಿನೋರಿಗೆ ಹೇಳಿದ್ದು ಯಾರು?"

ಅಪ್ಪ ಪೆನ್ನಿನ ಮುಚ್ಚಳ ಹಾಕಿದರು.

"ಗಂಡಸರು ಒಬ್ಬರೂ ಉಳಿದಿರಲಿಲ್ಲ. ಹೇಳಿದ್ದು ಆ ಇಬ್ಬರು ಹೆಂಗಸರು. ಐದು ಮಕ್ಕಳ ಬಾಯಿ ಮುಚ್ಚಿಕೊಂಡು ಆ ಕತ್ತಲೇಲಿ ಕೂತಿದ್ದೋರು. ಅವರು ತಲೆ ತಗ್ಗಿಸಿಕೊಂಡೇ ಕೂತಿದ್ದಿರಬೇಕು, ಅಲ್ಲಿ ತಲೆ ಎತ್ತೋಕೆ ಜಾಗ ಎಲ್ಲಿರತ್ತೆ? ಅವರು ಕೂತಿಲ್ಲದಿದ್ರೆ ನಿಮ್ಮ ಶೂರರ ಮಾತು ಇವತ್ತು ಯಾರು ಆಡ್ತಿದ್ರು?"

ಅವಳು ಬಾಗಿಲವರೆಗೆ ಹೋದವಳು ತಿರುಗಿ ನಿಂತು ಇನ್ನೊಂದು ಮಾತು ಹೇಳಿದಳು.

"ಚೀಟಿ ಹಾಕೋ ಮುಂಚೆ ಅವರ ಹೆಂಡಿರನ್ನ ಯಾರೂ ಕೇಳಲಿಲ್ಲ. ನೀವೂ ನನ್ನನ್ನ ಕೇಳಲಿಲ್ಲ."

ಅಪ್ಪ ಎದ್ದು ಹೊರಗೆ ಹೋದರು. ಕೋಟು ಗೂಟದಲ್ಲೇ ಇತ್ತು. ಹೊರಗೆ ಜಿನುಗು ಮಂಜು ಬೀಳುತ್ತಿತ್ತು. ಅಮ್ಮ ಏನೂ ಆಗಿಲ್ಲವೆಂಬಂತೆ ಅನಂತನಿಗೆ ದೋಸೆ ಹೊಯ್ದಳು, ಆದರೆ ಮೊದಲನೆಯದು, ಎರಡನೆಯದು, ಮೂರನೆಯದು ಎಲ್ಲವೂ ಸೀದವು. ಇಡೀ ಕೋಟೆ ಕಟ್ಟಿದ ನಾನು ಆ ಇಬ್ಬರು ಹೆಂಗಸರ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ಹನ್ನಾ ಹೇಳಿದ್ದಳು, ನಾನು ಕೇಳಿಸಿಕೊಂಡಿದ್ದೆ, ಆದರೆ ಕಥೆ ಮುಗಿದ ಮೇಲಿನ ಮಾತು ಅದು ಎಂದುಕೊಂಡಿದ್ದೆ.

ಮಧ್ಯಾಹ್ನ ಹನ್ನಾ ಬಂದಳು. ಗೋಡೆ ತೆಳು, ಅವಳಿಗೆ ಕನ್ನಡ ಬಾರದಿದ್ದರೂ ಮನೆಯಲ್ಲಿ ಏನೋ ಆಗಿದೆ ಎಂದು ತಿಳಿದಿರಬೇಕು. ಅಪ್ಪನೂ ಅಷ್ಟರಲ್ಲಿ ತೊಯ್ದ ಕೂದಲಲ್ಲಿ ಮರಳಿದ್ದರು. ಮೂವರು ದೊಡ್ಡವರೂ ಕೋಟೆಯ ಸುತ್ತ ಕೂತರು. ನನ್ನನ್ನು ಯಾರೂ ಹೊರಗೆ ಹೋಗೆನ್ನಲಿಲ್ಲ. ಅಪ್ಪ ನೇರವಾಗಿಯೇ ಕೇಳಿದರು. ಹನ್ನಾ, ನಿಮ್ಮವರು ಯಾರನ್ನು ದೊಡ್ಡವರೆನ್ನುತ್ತಾರೆ, ಮೇಲೆ ಸತ್ತವರನ್ನೋ, ಕೆಳಗೆ ಅವಿತವರನ್ನೋ?

"ಇದರ ಬಗ್ಗೆ ನಮ್ಮವರು ಇನ್ನೂ ಜಗಳವಾಡುತ್ತಿದ್ದಾರೆ" ಎಂದಳು ಹನ್ನಾ. "ನಾನು ಹುಡುಗಿಯಾಗಿದ್ದಾಗ ಆ ಗಂಡಸರೆಂದರೆ ನನಗೆ ಪ್ರಾಣ. ಈಗಲೂ ಅವರ ಮಾತು ಓದಿದರೆ ಕಣ್ಣು ತುಂಬುತ್ತದೆ. ಅವರ ಧೈರ್ಯ ಸುಳ್ಳಲ್ಲ, ಡಾಕ್ಟರ್. ಆದರೆ ನಾನು ಹುಟ್ಟಿದ್ದು ಆಲೂಗಡ್ಡೆ ಗುಂಡಿಯಿಂದ."

ಅವಳ ಅಜ್ಜಿ ಲಿಥುವೇನಿಯಾದ ಯಾವುದೋ ಹಳ್ಳಿಯವಳು. ಊರಿನ ಜನ ಯೆಹೂದ್ಯರ ಮನೆಗಳಿಗೆ ಬೆಂಕಿ ಇಟ್ಟಾಗ, ಮೂರು ಮಕ್ಕಳನ್ನು ಎಳೆದುಕೊಂಡು ಚಳಿಗಾಲಕ್ಕೆಂದು ಆಲೂಗಡ್ಡೆ ಹೂತಿಡುವ ಗುಂಡಿಗೆ ಇಳಿದಳು. ಮೂರು ಹಗಲು ಹಸಿ ಆಲೂಗಡ್ಡೆ ತಿಂದು ಬದುಕಿದರು. ಆಮೇಲೆ ನಡೆದು, ಹಡಗು ಹತ್ತಿ, ಯಾವ ಊರೆಂದು ಗೊತ್ತಿಲ್ಲದೆ ಲೀಡ್ಸಿಗೆ ಬಂದು, ಹೊಲಿಗೆ ಕಾರ್ಖಾನೆಯಲ್ಲಿ ಕೋಟಿನ ಗುಂಡಿ ಹೊಲಿಯುತ್ತ ಮುದುಕಿಯಾದಳು.

"ಅಜ್ಜಿ ಸಾಯುವ ತನಕ ಆ ಗುಂಡಿಯ ಮಾತೆತ್ತಿದರೆ ನಾಚಿಕೊಳ್ಳುತ್ತಿದ್ದಳು. ತನ್ನ ಅಣ್ಣ ಬಾಗಿಲಲ್ಲಿ ಕೊಡಲಿ ಹಿಡಿದು ನಿಂತು ಸತ್ತ, ತಾನು ಇಲಿಯ ಹಾಗೆ ಅವಿತೆ ಎನ್ನುತ್ತಿದ್ದಳು. ನಾನು ಗ್ರೀಕ್ ಕಲಿತು, ಆ ಕಾಲದ ಇತಿಹಾಸಕಾರ ಮಸಾಡಾದ ಬಗ್ಗೆ ಬರೆದದ್ದನ್ನು ನಾನೇ ಓದಿದಾಗ ಅಜ್ಜಿ ಬದುಕಿರಲಿಲ್ಲ. ಇದ್ದಿದ್ದರೆ ಅವಳ ಮುಂದೆ ಕೂತು ಆ ಒಂದು ಸಾಲು ಓದಿ ಹೇಳುತ್ತಿದ್ದೆ."

ಅಪ್ಪ ಯಾವ ಸಾಲು ಎಂದರು. ಅವಿತಿದ್ದ ಹೆಂಗಸರಲ್ಲಿ ಒಬ್ಬಳು ಮುದುಕಿ, ಇನ್ನೊಬ್ಬಳು ನಾಯಕನ ನೆಂಟರವಳು, ಬುದ್ಧಿಯಲ್ಲೂ ತಿಳುವಳಿಕೆಯಲ್ಲೂ ದೊಡ್ಡವಳು ಎಂದು ಆತ ಬರೆದಿದ್ದಾನೆ ಎಂದಳು ಹನ್ನಾ. ರೋಮಿನವರ ಗದ್ದಲ ಕೇಳಿ ಅವರು ತಾವಾಗಿಯೇ ಮೇಲೆ ಬಂದರು. ನಡೆದದ್ದನ್ನೆಲ್ಲ ಬಿಡಿಬಿಡಿಯಾಗಿ ಹೇಳಿದರು. ರೋಮಿನವರು ಮೊದಲು ನಂಬಲಿಲ್ಲ.

"ಅವರ ಹೆಸರು?" ಎಂದಳು ಅಮ್ಮ.

"ಬರೆದಿಲ್ಲ, ಲವ್."

ಆ ಸಂಜೆ ಅಪ್ಪ ನೆಲದ ಮೇಲೆ ಕೂತು ಊಟ ಮಾಡಿದರು. ಅವರು ತಟ್ಟೆ ಎತ್ತಿಕೊಂಡು ಏಳುವಾಗ, ಮಂಡಿ ಹಿಡಿದುಕೊಂಡು, "ಏನು ಮಾಡೋಣ ಅಂತೀಯಾ, ಪದ್ಮಾ?" ಎಂದರು. ಅಮ್ಮನ ಕಡೆ ನೋಡಲಿಲ್ಲ. ಆದರೆ ಕೇಳಿದರು. ನನ್ನ ನೆನಪಿನಲ್ಲಿ ಅಪ್ಪ ಅಮ್ಮನನ್ನು ಹಾಗೆ ಕೇಳಿದ್ದು ಅದೇ ಮೊದಲು.

ಸೋಮವಾರ ಅವರು ಆ ಕಾಗದವನ್ನು ಕೊಟ್ಟರೋ ಹರಿದರೋ ನನಗೆ ಗೊತ್ತಿಲ್ಲ. ಅಂದು ಎಂದಿನಂತೆ ಕೆಲಸಕ್ಕೆ ಹೋಗಿ ಬಂದರು. ಬುಧವಾರ ಅರ್ಧ ದಿನ ರಜೆ ಹಾಕಿ ಕೋಟೆಯನ್ನು ಕಾರಿನ ಹಿಂದಿನ ಸೀಟಿಗೇರಿಸಿ ನನ್ನನ್ನು ಶಾಲೆಗೆ ಕರೆದೊಯ್ದರು. ಒಂದು ತಿರುವಿನಲ್ಲಿ ಏರಿನ ತುದಿ ಕಳಚಿ ಬಿತ್ತು. ನಾನು ಅಳತೊಡಗಿದೆ. ಅಪ್ಪ ಶಾಲೆಯ ಕಾರಿಡಾರಿನಲ್ಲೇ ಮಂಡಿಯೂರಿ ಕೂತು, ಜೇಬಿನಿಂದ ಒಂದು ಸುರುಳಿ ಪ್ಲಾಸ್ಟರ್ ಪಟ್ಟಿ ತೆಗೆದು, ಕುಡಿಯುವ ನೀರಿನ ನಲ್ಲಿಯಲ್ಲಿ ಅದ್ದಿ, ಮುರಿದ ಮೂಳೆ ಕೂರಿಸುವ ಹಾಗೆ ಅದನ್ನು ಕೂರಿಸಿದರು. ಹೋಗಿ ಬಾ ಎಂದವರು ಹೋಗದೆ ತರಗತಿಯ ಹಿಂದಿನ ಗೋಡೆಗೆ ಒರಗಿ ನಿಂತರು.

ನಾನು ಕಥೆ ಹೇಳಿದೆ. ಗಾಳಿ ತಿರುಗುವ ಹೊತ್ತಿಗೆ ಪಿಸುಗುಡುವವರೆಲ್ಲ ಸುಮ್ಮನಾಗಿದ್ದರು. ನಾಯಕನ ಮಾತನ್ನು ನನಗೆ ಬಂದಷ್ಟು ಚೆನ್ನಾಗಿ ಹೇಳಿದೆ, ಏಕೆಂದರೆ ಆ ಗಂಡಸರ ಮೇಲಿನ ನನ್ನ ಗೌರವ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ, ಇವತ್ತಿಗೂ ಆಗಿಲ್ಲ. ಆಮೇಲೆ ಬಂಡೆಯ ಬದಿಯಲ್ಲಿ ಅಮ್ಮ ಕೊರೆದ ಗುಂಡಿಗೆ ಬೆರಳು ತೋರಿಸಿ, ಇದೆಲ್ಲ ನಮಗೆ ಗೊತ್ತಾದದ್ದು ಇಲ್ಲಿಂದ ಎಂದೆ. ಒಬ್ಬ ಮುದುಕಿ, ಒಬ್ಬ ಬುದ್ಧಿವಂತೆ, ಐದು ಮಕ್ಕಳು. ಗದ್ದಲ ಕೇಳಿ ಅವರು ಹೊರಗೆ ಬಂದರು. ಕೈಯಲ್ಲಿ ಕತ್ತಿ ಹಿಡಿದಿದ್ದ ಸೈನ್ಯದ ಮುಂದೆ, ಸತ್ತ ತಮ್ಮವರ ನಡುವೆ ನಿಂತು, ಅವರ ಕಥೆಯನ್ನು ಒಂದು ಮಾತೂ ತಪ್ಪದೆ ಹೇಳಿದರು. "ಅದಕ್ಕೂ ಅಷ್ಟೇ ಧೈರ್ಯ ಬೇಕು ಎಂದು ನಮ್ಮಮ್ಮ ಹೇಳುತ್ತಾಳೆ" ಎಂದೆ. ಹಿಂದಿನ ಗೋಡೆಯ ಬಳಿ ಅಪ್ಪ ಕನ್ನಡಕ ತೆಗೆದು ಒರೆಸುತ್ತಿದ್ದರು.

ಆ ಬೇಸಿಗೆಯಲ್ಲಿ ಅಪ್ಪ ಸರ್ಜರಿ ಬಿಟ್ಟರು. ವುಲ್ವರ್‌ಹ್ಯಾಂಪ್ಟನ್ನಿನಲ್ಲಿದ್ದ ಅವರ ಗೆಳೆಯರೊಬ್ಬರು ಹೇಳಿಕೊಟ್ಟ ದಾರಿ ಅದು: ಮತ್ತೆ ತರಬೇತಿಗೆ ಸೇರಿ ಜಿಪಿ ಆಗುವುದು, ಬಡಾವಣೆಯ ಕುಟುಂಬ ವೈದ್ಯನಾಗುವುದು. ನಲವತ್ತೆರಡನೆಯ ವಯಸ್ಸಿನಲ್ಲಿ, ಇಪ್ಪತ್ತೈದರ ಹುಡುಗ ಹುಡುಗಿಯರ ಪಕ್ಕದ ಬೆಂಚಿನಲ್ಲಿ ಕೂತು ಅವರು ಮಕ್ಕಳ ಕೆಮ್ಮು, ಮುದುಕರ ಮಲಬದ್ಧತೆಯಿಂದ ಮೊದಲುಗೊಂಡು ಎಲ್ಲವನ್ನೂ ಓದಿದರು. ಅಮ್ಮ ಅಡುಗೆ ಮಾಡುತ್ತಲೇ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದಳು, ತಪ್ಪು ಹೇಳಿದರೆ ತನ್ನ ಹಳೆಯ ವಿದ್ಯಾರ್ಥಿಗಳನ್ನು ಗದರಿಸಿದಂತೆ ಗದರಿಸುತ್ತಿದ್ದಳು. ಇದು ಸುಲಭವಾಗಿತ್ತೆಂದು ಹೇಳಲಾರೆ. ಆಪರೇಷನ್ ಥಿಯೇಟರಿನಲ್ಲಿ ಅವರ ಕೊನೆಯ ದಿನ, ಅಪ್ಪ ಮನೆಗೆ ಬಂದು ಅಡುಗೆಮನೆಯ ಸಿಂಕಿನಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತುಂಬ ಹೊತ್ತು ಕೈ ತೊಳೆದರು, ಬೆರಳು ಬೆರಳಿನ ಸಂದಿಯನ್ನೂ ಬಿಡದೆ. ಅಮ್ಮ ಟವೆಲ್ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಬೇಗ ಮುಗಿಸಿ ಎನ್ನಲಿಲ್ಲ.

ಮುಂದೆ ನಾವು ಶೆಫೀಲ್ಡಿಗೆ ಬಂದೆವು. ಅಲ್ಲಿ ಅಪ್ಪ ಇಪ್ಪತ್ತು ವರ್ಷಕ್ಕೂ ಮೇಲೆ ಜಿಪಿ ಆಗಿದ್ದರು. ಟ್ರಾಮಿನಲ್ಲಿ ಹೋದರೆ ಯಾರಾದರೊಬ್ಬರು ಎದ್ದು ಅವರಿಗೆ ಸೀಟು ಬಿಡುತ್ತಿದ್ದರು. ಅಮ್ಮ ಮತ್ತೆ ಓದಿ, ಕೊನೆಗೂ ಇಲ್ಲಿನ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರಾದಳು. ನಾನು ಇತಿಹಾಸ ಪಾಠ ಮಾಡುತ್ತೇನೆ. ಮಸಾಡಾದಲ್ಲಿ ಎಲ್ಲವೂ ಹಾಗೆಯೇ ನಡೆಯಿತೇ ಎಂದು ಸಂಶಯಪಡುವ ವಿದ್ವಾಂಸರಿದ್ದಾರೆ ಎಂದು ಈಗ ನನಗೆ ಗೊತ್ತು; ಮಕ್ಕಳಿಗೆ ಅದನ್ನೂ ಹೇಳುತ್ತೇನೆ. ಆದರೆ ಯಾವ ಯುದ್ಧದ ಕಥೆಯಾದರೂ ಸರಿ, ಮೊದಲು ಅವರಿಂದ ಕೇಳಿಸುವ ಪ್ರಶ್ನೆ ಒಂದೇ: ಇದು ನಮಗೆ ಹೇಗೆ ಗೊತ್ತು, ಹೇಳಿದವರು ಯಾರು?

ಹೋದ ವರ್ಷ ಅಮ್ಮನಿಗೆ ಎಂಬತ್ತು ತುಂಬಿತು. ಅವಳ ತಲೆಗೆ ಎಣ್ಣೆ ಹಚ್ಚುತ್ತ, ಇಷ್ಟು ವರ್ಷ ಕೇಳಬೇಕೆಂದಿದ್ದದ್ದನ್ನು ಕೇಳಿದೆ.

"ಅಮ್ಮ, ನೀನು ಆ ಬೆಟ್ಟದ ಮೇಲೆ ಇದ್ದಿದ್ರೆ ನಿಜವಾಗಲೂ ನಮ್ಮನ್ನ ಕರಕೊಂಡು ಆ ನೀರಿನ ಗುಂಡಿಗೆ ಇಳೀತಿದ್ಯಾ?"

ಅವಳು ಕಣ್ಣು ಮುಚ್ಚಿಕೊಂಡೇ ತಲೆಯನ್ನು ನನ್ನ ಅಂಗೈಗೆ ಒರಗಿಸಿದಳು.

"ಮೊದಲು ನಾನೊಬ್ಬಳೇ ಇಳಿದು ಆಳ ಎಷ್ಟಿದೆ ಅಂತ ನೋಡ್ತಿದ್ದೆ ಕಣೇ" ಎಂದಳು. "ನಿಮಗಿಬ್ಬರಿಗೂ ಈಜು ಬರ್ತಿರಲಿಲ್ವಲ್ಲ."